ಶಾಲೆಯ ಕೀರ್ತಿಗೆ ಮೂಲ

ಬೇಸಗೆ ಬಂತೆಂದರೆ ಊರಿನ ವೃತ್ತಗಳಲ್ಲೆಲ್ಲ ಖಾಸಗಿ ಶಾಲೆಗಳ ಫ್ಲೆಕ್ಸುಗಳು ಮೇಲೇಳುವುದನ್ನು ಕಂಡು, ಸರ್ಕಾರಿ ಶಾಲೆಗಳೂ ಇದೇ ಮಾರ್ಗವನ್ನು ಅನುಸರಿಸಬೇಕೆಂದು ಸಲಹೆಯೀಯುವವರುಂಟು. ಆದರೆ ದಂಪತಿಗಳಿಬ್ಬರೂ ದುಡಿಯುವ ಇಂದಿನ ಕುಟುಂಬಗಳು ಮೊದಲು ವಿಚಾರಿಸುವುದು ಶೌಚಾಲಯದಲ್ಲಿ ನೀರಿದೆಯೇ, ತರಗತಿಗೊಬ್ಬ ಶಿಕ್ಷಕರಿದ್ದಾರೆಯೇ, ಮಗುವು ಕನ್ನಡವನ್ನು ಬಿಡದೆ ಇಂಗ್ಲಿಷನ್ನೂ ನಿರ್ಭಯವಾಗಿ ಆಡಬಲ್ಲುದೇ ಎಂಬುದನ್ನು.

ಇಂಥ ಪ್ರಶ್ನೆಗಳನ್ನೆತ್ತಲು ಪೋಷಕರಿಗೆ ಶಾಲೆಯೊಳಗೇ ಸ್ಥಾನವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿದೆ. ಪೋಷಕರಿಗೆ ದೊರೆತ ಈ ಅಧಿಕಾರವನ್ನು ನಡಾವಳಿ ಪುಸ್ತಕದ ಸಹಿಗೆ ಸೀಮಿತಗೊಳಿಸದೆ, ಮುಖ್ಯೋಪಾಧ್ಯಾಯರು ಕೂಲಿ ಮುಗಿದ ಸಂಜೆಯ ಹೊತ್ತಿಗೆ ಸಭೆ ಕರೆದು ತಾಯಂದಿರ ಮಾತಿಗೆ ಕಿವಿಗೊಟ್ಟರೆ, ತೃಪ್ತಳಾದ ಒಬ್ಬ ತಾಯಿಯ ನುಡಿಯೇ ನೆರೆಮನೆಯ ಮಗುವನ್ನೂ ಶಾಲೆಗೆ ಕರೆತರುವುದು. ಸರ್ಕಾರವು ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬಲಿ. ಶಾಲೆಯು ಜನರ ವಿಶ್ವಾಸವನ್ನು ಸಂಪಾದಿಸಲಿ.