ಬಾಡಿಗೆ ಪಹಣಿಗೆ, ಬೇಲಿ ಕುರಿಗೆ

ಪಾವಗಡದ ಸೋಲಾರ್ ಪಾರ್ಕಿನ ಬಗ್ಗೆ ಯಾರಾದರೂ ಚಕಾರವೆತ್ತಿದರೆ ಅಧಿಕಾರಿಗಳ ಬಳಿ ಸಿದ್ಧ ಉತ್ತರವಿದೆ: ನಾವು ಯಾರ ಜಮೀನನ್ನೂ ಕಿತ್ತುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದೇವೆ. ಉತ್ತರ ಸುಳ್ಳಲ್ಲ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಸುತ್ತಿನ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸ್ಥಾವರ ನಿಂತಿದೆ. ಜಮೀನು ಇವತ್ತಿಗೂ ರೈತರ ಹೆಸರಿನಲ್ಲೇ ಇದೆ. ಭೂಸ್ವಾಧೀನವೆಂದರೆ ಕೋರ್ಟು, ಕಚೇರಿ, ಪರಿಹಾರಕ್ಕಾಗಿ ಅಲೆದಾಟ ಎಂದೇ ಆಗಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಮಳೆ ನಂಬಿ ಶೇಂಗಾ ಬಿತ್ತಿ, ಬೀಜದ ದುಡ್ಡೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬರತೊಡಗಿದ್ದನ್ನು ಹಗುರವಾಗಿ ಕಾಣುವವರು ಪಾವಗಡದ ಬರ ಕಂಡವರಲ್ಲ.

ನನ್ನ ತಕರಾರು ಬೇರೆ. ಈ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ಹೊಲದಿಂದ ಹೊಟ್ಟೆ ಹೊರೆಯುತ್ತಿದ್ದವರು ಅವರಷ್ಟೇ ಆಗಿರಲಿಲ್ಲ. ಕಳೆ ತೆಗೆದು, ಕಾಯಿ ಕಿತ್ತು, ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರಿದ್ದರು. ಅವರಲ್ಲಿ ಹೆಚ್ಚಿನವರಿಗೆ ತುಂಡು ಭೂಮಿಯೂ ಇಲ್ಲ. ಕೊಯ್ಲು ಮುಗಿದ ಹೊಲಗಳಲ್ಲಿ ಕುರಿ ಬಿಡುತ್ತಿದ್ದವರಿದ್ದರು. ಉಳುಮೆ ನಿಂತ ದಿನವೇ ಇವರ ದುಡಿಮೆಯೂ ನಿಂತಿತು, ಬೇಲಿ ಎದ್ದ ದಿನ ಕುರಿಯ ದಾರಿಯೂ ಮುಚ್ಚಿತು. ಯಾವ ಕರಾರಿನಲ್ಲೂ ಅವರು ಪಕ್ಷಗಾರರಲ್ಲ. ಪ್ಯಾನೆಲ್ ತೊಳೆಯುವುದು, ಹುಲ್ಲು ಕೀಳುವುದು, ಗೇಟು ಕಾಯುವುದು ಎಂಬ ಕೆಲಸಗಳೇನೋ ಹುಟ್ಟಿವೆ. ಆದರೆ ಕಟ್ಟಿ ಮುಗಿದ ಸೌರ ಸ್ಥಾವರಕ್ಕೆ ಆಳು ಬೇಕಾಗುವುದೇ ಕಡಿಮೆ. ಸಾವಿರಾರು ಎಕರೆ ಬೇಸಾಯದ ಕೂಲಿಗೆ ಅದು ಬದಲಿಯಾಗದು.

ಪಹಣಿ ಇದ್ದವರೂ ಹಿಗ್ಗಬೇಕಾಗಿಲ್ಲ. ಗುತ್ತಿಗೆ 28 ವರ್ಷದ್ದು. ಬಾಡಿಗೆ ಏರುವುದು ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ, ಅಂದರೆ ವರ್ಷಕ್ಕೆ ಎರಡೂವರೆಯೂ ಇಲ್ಲ. ರಿಸರ್ವ್ ಬ್ಯಾಂಕ್ ಬೆಲೆಯೇರಿಕೆಗೆ ಇಟ್ಟುಕೊಂಡಿರುವ ಗುರಿಯೇ ಶೇ 4. ಕೂಡಿಸಿ ನೋಡಿ: ಕೊನೆಯ ವರ್ಷವೂ ಎಕರೆಯ ಬಾಡಿಗೆ 40 ಸಾವಿರ ಮುಟ್ಟುವುದಿಲ್ಲ. ಆ ಹೊತ್ತಿಗೆ ಒಂದು ಮೂಟೆ ಅಕ್ಕಿಗೆ ಎಷ್ಟಾಗಿರುತ್ತದೋ! ಅತ್ತ ಒಂದು ಮೆಗಾವಾಟ್ ವರ್ಷಕ್ಕೆ ಏನಿಲ್ಲವೆಂದರೂ 15 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್‌ಗೆ ಮೂರೇ ರೂಪಾಯಿ ಹಿಡಿದರೂ ಪಾರ್ಕಿನ ವಾರ್ಷಿಕ ಹುಟ್ಟುವಳಿ 900 ಕೋಟಿ ದಾಟುತ್ತದೆ. ಬಂಡವಾಳ, ಬಡ್ಡಿ, ನಷ್ಟದ ಭಯ ಕಂಪನಿಗಳದೇ, ಒಪ್ಪೋಣ. ಆದರೂ ಮಣ್ಣಿನ ಪಾಲು ನೂರಕ್ಕೆ ಮೂರೋ ನಾಲ್ಕೋ ರೂಪಾಯಿ ಎಂದರೆ ಅದನ್ನು ಪಾಲುದಾರಿಕೆ ಎಂದು ಭಾಷಣದಲ್ಲಿ ಹೊಗಳುವುದನ್ನಾದರೂ ಬಿಡಬೇಕು.

ಕುರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ಕೇಳಿದರೆ ನಗುವವರೇ ಹೆಚ್ಚು. ಪ್ಯಾನೆಲ್ ನೆರಳು ಹಾಕುತ್ತದೆ, ತೊಳೆದ ನೀರು ಕೆಳಗೇ ಇಳಿಯುತ್ತದೆ, ಹುಲ್ಲು ಬೆಳೆಯುತ್ತದೆ. ಬಿಟ್ಟರೆ ಪ್ಯಾನೆಲ್‌ಗೇ ನೆರಳು, ಬೇಸಿಗೆಯಲ್ಲಿ ಬೆಂಕಿಯ ಭಯ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದೇ ಹುಲ್ಲಿಗಾಗಿ ಕಂಪನಿಗಳು ಕುರಿ ಮೇಯಿಸುತ್ತವೆ, ಕೆಲವೆಡೆ ಕುರಿಗಾರರಿಗೆ ಎದುರು ದುಡ್ಡನ್ನೂ ಕೊಡುತ್ತವೆ. ಆಡು ಹತ್ತಬಾರದ ಕಡೆಯೆಲ್ಲ ಹತ್ತುತ್ತದೆ, ಅದನ್ನು ಬೇಡ ಎನ್ನಿ. ಕುರಿ ತಲೆ ತಗ್ಗಿಸಿಕೊಂಡು ಮೇಯುವ ಪ್ರಾಣಿ. ವೈರುಗಳಿಗೆ ಪೈಪು ಹಾಕಿ, ಹಗಲು ಹೊತ್ತು ನಿಗದಿ ಮಾಡಿ, ಊರಿನ ಕುರಿಗಾರರ ಸಂಘಕ್ಕೆ ಬ್ಲಾಕು ಹಂಚುವುದು ಅಸಾಧ್ಯವೇ? ಕೇಂದ್ರ, ರಾಜ್ಯ ಎರಡೂ ಸೇರಿ 2015ರಲ್ಲಿ ಕಟ್ಟಿದ ನಿಗಮವೇ ರೈತರಿಂದ ಜಮೀನು ಪಡೆದು ಕಂಪನಿಗಳಿಗೆ ಕೊಡುವುದು. ಷರತ್ತು ಹಾಕುವ ಕೈ ಅದರದೇ.

ಈಗ ಪಾರ್ಕನ್ನು ಇನ್ನಷ್ಟು ವಿಸ್ತರಿಸುವ ಮಾತು ನಡೆದಿದೆ. ಹಳೆಯ ಕರಾರನ್ನು ತಿದ್ದುವುದು ಕಷ್ಟವಿರಬಹುದು, ಹೊಸದು ಇನ್ನೂ ಖಾಲಿ ಹಾಳೆ. ಬಾಡಿಗೆ ಬೆಲೆಯೇರಿಕೆಯ ಜೊತೆ ಏರಲಿ. ಪ್ರತಿ ಮೆಗಾವಾಟ್‌ನಿಂದ ಇಷ್ಟು ಎಂದು ತೆಗೆದಿಟ್ಟು, ಗ್ರಾಮಸಭೆ ಗುರುತಿಸಿದ ಭೂಹೀನ ಕುಟುಂಬಗಳ ಖಾತೆಗೆ ವರ್ಷವರ್ಷವೂ ಜಮಾ ಆಗಲಿ. ಮೇವಿನ ಹಕ್ಕು ಬರಹದಲ್ಲಿರಲಿ. ಜಮೀನು ಕೊಡಲು ಮುಂದೆ ಬಂದಿರುವ ಪಾವಗಡದ ರೈತರು ಇಷ್ಟನ್ನು ಬರೆಸಿಕೊಳ್ಳುವವರೆಗೆ ಸಹಿ ಹಾಕಬಾರದು.