ಅರಸನ ಕೊಲೆ, ಓದುಗನ ತೀರ್ಪು

ಸಿಂಹಾಸನಕ್ಕಾಗಿ ನಡೆದ ಕೊಲೆಯನ್ನು ಕಾದಂಬರಿಯಾಗಿಸುವುದು ಸುಲಭದ ಕಾರ್ಯವಲ್ಲ. ಕೊಂದವನಾರೆಂಬುದನ್ನು ಚರಿತ್ರೆಯೇ ಮೊದಲು ಹೇಳಿಬಿಟ್ಟಿರುವಾಗ ಓದುಗನ ಕುತೂಹಲವನ್ನು ಹಿಡಿದಿಡುವುದು ಯಾವುದು? ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ (1956) ಇದಕ್ಕೊಂದು ಉತ್ತರ.

ಕೊಡಗಿನ ಕೊನೆಯ ಅರಸನ ಸೋದರಿ ದೇವಮ್ಮಾಜಿ ಪತಿಯೊಡನೆ ಇಂಗ್ಲಿಷರ ಆಶ್ರಯಕ್ಕೆ ಓಡುತ್ತಾಳೆ. ಅವಳ ಹಸುಗೂಸು ಅರಸನ ಕೈಗೆ ಸಿಕ್ಕಿ ಹತವಾಗುತ್ತದೆ. ಮಾಸ್ತಿಯವರು ಇಲ್ಲಿ ದನಿಯೇರಿಸುವುದಿಲ್ಲ. ರಕ್ತವನ್ನು ಬಣ್ಣಿಸುವುದಕ್ಕಿಂತ ಅದರ ಸುತ್ತಲಿನ ಮನಸ್ಸುಗಳನ್ನು ತೋರುವುದೇ ಅವರ ರೀತಿ: ರಾಣಿ ಗೌರಮ್ಮನ ತಾಳ್ಮೆ, ಮಂತ್ರಿ ಬೋಪಣ್ಣನ ನೊಂದ ಅಭಿಮಾನ, ಕುಂಟಬಸವನ ಸ್ವಾಮಿನಿಷ್ಠೆ. ಆ ಬಸವನೂ ಕಡೆಗೆ ಅರಸನ ಗುಂಡಿಗೇ ಬಲಿಯಾಗುತ್ತಾನೆ. ಅವನೂ ಲಿಂಗರಾಜನ ಮಗನೇ ಎಂಬ ಸತ್ಯ ಆ ಸಾವನ್ನು ದುರಂತದ ಎತ್ತರಕ್ಕೇರಿಸುತ್ತದೆ. ಕೊಂದ ಕೈ ಒಂದಾದರೂ ಅದಕ್ಕೆ ದಾರಿ ಮಾಡಿಕೊಟ್ಟ ಮೌನಗಳು ಹಲವು.

ಮೂಡಬಿದಿರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ರಚಿಸಿದಾಗ, ರಾಜ್ಯಕ್ಕಾಗಿ ಎದುರಾದ ಅಣ್ಣತಮ್ಮಂದಿರ ಕಲಹವನ್ನು ಯುದ್ಧವಿಲ್ಲದೆ ಮೃದುನುಡಿಯಿಂದಲೇ ಶಮನಗೊಳಿಸಿದನು. ಪುರಾಣದ ಕವಿಗೆ ಆ ಸ್ವಾತಂತ್ರ್ಯವಿತ್ತು. ಚರಿತ್ರೆಯ ಕಾದಂಬರಿಕಾರನಿಗೆ ಅದಿಲ್ಲ. ಸತ್ತ ಮಗುವನ್ನು ಅವನು ಬದುಕಿಸಲಾರ. ಆ ಸಾವಿನ ಅರ್ಥವನ್ನಷ್ಟೇ ಅರಸಬಲ್ಲ.

ಬಂಟ್ವಾಳದ ಓದುಗನಿಗೆ ಈ ಕೃತಿ ಮತ್ತೊಂದು ತೊಡಕನ್ನೊಡ್ಡುತ್ತದೆ. ಅರಸನ ಕ್ರೌರ್ಯವನ್ನು ಕಾರಣವಾಗಿ ತೋರಿ ಕಂಪನಿ 1834ರಲ್ಲಿ ಕೊಡಗನ್ನು ನುಂಗಿತು. ಸುಳ್ಯ, ಪುತ್ತೂರಿನ ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಧಾನ್ಯರೂಪದ ಕಂದಾಯವನ್ನು ನಗದಾಗಿ ತೆರಬೇಕಾಯಿತು. 1837ರಲ್ಲಿ ಅಲ್ಲಿಯ ರೈತರು ಅದೇ ಅರಸುಮನೆತನದ ಹೆಸರಿನಲ್ಲಿ ದಂಗೆಯೆದ್ದು, ಬಂಟ್ವಾಳದ ಹಾದಿಯಾಗಿ ಮಂಗಳೂರಿಗೆ ನಡೆದರು. ಇಂದಿನ ಬೆಳ್ತಂಗಡಿ ತಾಲ್ಲೂಕಿನ ಬಂಗಾಡಿಯನ್ನು ಮೂಲನೆಲೆಯಾಗಿ ಉಳ್ಳ ಬಂಗ ಮನೆತನದ, ನಂದಾವರದ ಲಕ್ಷ್ಮಪ್ಪ ಬಂಗರಸನು ಅವರನ್ನು ಕೂಡಿಕೊಂಡು, ಕೊನೆಗೆ ಗಲ್ಲಿಗೇರಿದನು.

ಶಿಶುಹಂತಕನ ಮನೆತನಕ್ಕಾಗಿ ಇವರೇಕೆ ಪ್ರಾಣ ತೆತ್ತರು? ಅರಸನು ಕೆಟ್ಟವನಾದ ಮಾತ್ರಕ್ಕೆ ಪರಕೀಯನು ಒಳ್ಳೆಯವನಾಗಲಿಲ್ಲ ಎಂಬುದೇ ಇದರ ಉತ್ತರವಾಗಿರಬಹುದು. ಮಾಸ್ತಿಯವರ ಲೇಖನಿಯೂ ಅರಸನ ಪಾಪವನ್ನು ಮರೆಮಾಚದು, ಗೆದ್ದವರಿಗೆ ಜಯಕಾರ ಹಾಕದು. ಕೃತಿಯನ್ನು ಮುಚ್ಚಿಟ್ಟ ಓದುಗನ ಕೈಯಲ್ಲಿ ತಕ್ಕಡಿಯೊಂದು ಉಳಿಯುತ್ತದೆ. ಅದರ ಯಾವ ತಟ್ಟೆಯೂ ಹಗುರವಲ್ಲ.