ಗ್ಯೊಂಗ್ಜುಗೆ ಹೋದರೆ ಕಿರೀಟ ಆಮೇಲೆ, ಮೊದಲು ಕಣಜ

ಕೊರಿಯಾ ಸೀರಿಯಲ್ ಓಡದ ಮೊಬೈಲು ಈಗ ನಮ್ಮ ಹಳ್ಳಿಗಳಲ್ಲಿ ಕಡಿಮೆ. ಓದಲೋ ಕೆಲಸಕ್ಕೋ ಆ ದೇಶಕ್ಕೆ ಹೋದ ಮಕ್ಕಳಿದ್ದಾರೆ. ವೀಸಾ ಮಾಡಿಸಿಕೊಂಡು ಅವರನ್ನು ನೋಡಿ ಬರುವ ಅಪ್ಪ-ಅಮ್ಮಂದಿರೂ ಇದ್ದಾರೆ. "ಶನಿವಾರ, ಭಾನುವಾರ ರಜೆ ಇದೆ, ಒಂದು ಹಳೇ ಊರು ತೋರಿಸ್ತೀನಿ ಬಾರಮ್ಮ" ಎಂದು ಮಗ ಹೊರಟರೆ, ಅದು ಗ್ಯೊಂಗ್ಜು ಆಗಿರುವ ಸಾಧ್ಯತೆ ಹೆಚ್ಚು. ಹತ್ತಿರಹತ್ತಿರ ಸಾವಿರ ವರ್ಷ ಬಾಳಿ ಕ್ರಿ.ಶ. 935ರಲ್ಲಿ ಮುಗಿದ ಸಿಲ್ಲಾ ರಾಜ್ಯದ ರಾಜಧಾನಿ ಅದು.

ಮೊಬೈಲಿನಲ್ಲಿ ಹುಡುಕಿದರೆ ಪಟ್ಟಿ ಸಿದ್ಧವಾಗಿರುತ್ತದೆ: ಚಿನ್ನದ ಕಿರೀಟ, ಗೋರಿ ದಿಬ್ಬ, ನಕ್ಷತ್ರ ನೋಡುವ ಗೋಪುರ, ದೀಪದ ಕೊಳ, ಬೌದ್ಧ ದೇವಾಲಯ, ಗುಹೆಯ ಬುದ್ಧ, ಕಾಫಿ ಅಂಗಡಿಗಳ ಬೀದಿ. ಎರಡು ದಿನದಲ್ಲಿ ಇಷ್ಟೂ ಮುಗಿಸಿ ಬಂದವರಿಗೆ ಉಳಿಯುವುದು ಕಾಲುನೋವು, ಜೊತೆಗೆ ಒಂದಷ್ಟು ಫೋಟೊ. ನನ್ನ ಮಾತು ಕೇಳುವುದಾದರೆ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ. ಭಾನುವಾರದ ಬೆಳಗನ್ನು ಒಂದು ಅಕ್ಕಿ ಕಣಜಕ್ಕೆ ಮೀಸಲಿಡಿ.

ಎರಡು ದಿನ ಅಂದರೂ ಕೈಗೆ ಸಿಗುವುದು ಒಂದೂವರೆ ದಿನ. ಸೋಲ್‌ನಿಂದ ಕೆಟಿಎಕ್ಸ್ ರೈಲಿನಲ್ಲಿ ಸುಮಾರು ಎರಡು ತಾಸು. ಆದರೆ ರೈಲು ನಿಲ್ಲುವ ಹೊಸ ನಿಲ್ದಾಣ ಊರ ಹೊರಗಿದೆ, ಅಲ್ಲಿಂದ ಸಿಟಿ ಬಸ್ಸು ಹಿಡಿಯಬೇಕು. ದೂರದ ಬಸ್ಸಿನಲ್ಲಿ ಬಂದರೆ ಹೊತ್ತು ಹೆಚ್ಚು, ಇಳಿಯುವುದು ಮಾತ್ರ ಊರೊಳಗೆ. ಉಳಿಯಲು ಹಳೇ ಹೆಂಚಿನ ಮನೆಗಳು ಬಾಡಿಗೆಗೆ ಸಿಗುತ್ತವೆ. ಬೆಚ್ಚಗಿನ ನೆಲದ ಮೇಲೆ ಹಾಸಿಗೆ ಹಾಸಿ ಕೊಡುತ್ತಾರೆ. ಚಾಪೆಯ ಮೇಲೆ ಮಲಗಿ ಬೆಳೆದ ನಮಗೆ ಅದೇನೂ ಕಷ್ಟವಲ್ಲ. ಮಂಡಿನೋವಿನವರು ಮಾತ್ರ ಮಂಚ ಇದೆಯೇ ಎಂದು ಮೊದಲೇ ಕೇಳಿಕೊಳ್ಳಲಿ.

ಶನಿವಾರ ಮಧ್ಯಾಹ್ನ ದೇರುಂಗ್ವೊನ್ ಎಂಬ ಗೋರಿಗಳ ತೋಟ ನೋಡಿ. ಹುಲ್ಲು ಹೊದ್ದ ದಿಬ್ಬಗಳು ದೂರಕ್ಕೆ ಬಣವೆ ಒಟ್ಟಿದ ಹಾಗೆ ಕಾಣುತ್ತವೆ. ಚೊನ್ಮಚೊಂಗ್ ಎಂಬ ದಿಬ್ಬದ ಒಳಗೇ ಹೋಗಬಹುದು. 1973ರಲ್ಲಿ ಅಗೆದಾಗ ಸಿಕ್ಕ ವಸ್ತುಗಳು 11,000ಕ್ಕೂ ಹೆಚ್ಚು. 2025ರ ಅಕ್ಟೋಬರ್‌ನಲ್ಲಿ ಇದೇ ಊರಲ್ಲಿ ಎಪೆಕ್ ಸಮಾವೇಶ ನಡೆದಾಗ ಅಮೆರಿಕದ ಅಧ್ಯಕ್ಷ ಟ್ರಂಪ್‌ಗೆ ಕೊಟ್ಟದ್ದು ಇಲ್ಲಿ ಸಿಕ್ಕ ಕಿರೀಟದ ನಕಲು. ನನಗೆ ಇಷ್ಟವಾಗುವುದು ಪಕ್ಕದ ಜೋಡಿ ದಿಬ್ಬ, ಹ್ವಾಂಗ್ನಾಮ್ ದೇಚೊಂಗ್. ಗಂಡ-ಹೆಂಡತಿಯ ಗೋರಿ ಅದು. ಅಪ್ಪಟ ಚಿನ್ನದ ಕಿರೀಟ ಸಿಕ್ಕಿದ್ದು ಹೆಂಡತಿಯ ಕಡೆ. ಗಂಡನ ಕಡೆ ಸಿಕ್ಕಿದ್ದು ತಾಮ್ರಕ್ಕೆ ಚಿನ್ನದ ಲೇಪ ಕೊಟ್ಟದ್ದು!

ಈ ತೋಟ ಇಷ್ಟು ಚೊಕ್ಕಟವಾಗಿ ಇರುವುದು ಯಾಕೆಂದರೆ, 1970ರ ದಶಕದಲ್ಲಿ ದಿಬ್ಬಗಳ ನಡುವೆ ಇದ್ದ ಮನೆಗಳನ್ನು ಸರ್ಕಾರ ತೆರವು ಮಾಡಿಸಿತು. ಇವತ್ತಿಗೂ ಹಳೇ ಊರಲ್ಲಿ ಎತ್ತರದ ಕಟ್ಟಡ ಕಟ್ಟುವಂತಿಲ್ಲ. ಪೆಟ್ರೋಲ್ ಬಂಕಿಗೂ ಹೆಂಚಿನ ಮಾಡು. ಚಂದವಾಗಿ ಕಾಣುತ್ತದೆ, ನಿಜ. ಅದರ ಬೆಲೆ ತೆತ್ತವರು ಮಾತ್ರ ಅಲ್ಲಿನ ಸಾಮಾನ್ಯ ಜನ.

ಕತ್ತಲಾದ ಮೇಲೆ ವೊಲ್ಜಿ ಕೊಳದ ದೀಪ ನೋಡಿ ಮಲಗಿ.

ಭಾನುವಾರ ಬೇಗ ಎದ್ದು, ಜನ ಸೇರುವ ಮೊದಲು ಗ್ಯೊಚೊನ್ ಎಂಬ ಹಳೇ ಕೇರಿಗೆ ನಡೆಯಿರಿ. ಚ್ವೆ ಮನೆತನದ ಮನೆ ಅಲ್ಲಿದೆ. ಒಂದು ಕಾಲಕ್ಕೆ 99 ಅಂಕಣದ ಮನೆಯಂತೆ. ನಡುವೆ ಬೆಂಕಿ ಬಿದ್ದು ಒಂದು ಭಾಗ ಸುಟ್ಟಿತು, ಅದರಲ್ಲಿ ಸ್ವಲ್ಪ ಮತ್ತೆ ಕಟ್ಟಿದ್ದಾರೆ. ಅಂಗಳದ ಬದಿಗೆ ದೊಡ್ಡದೊಂದು ಮರದ ಕಣಜ ಇದೆ. ಫೋಟೊಕ್ಕೆ ಅಂಥ ಅಂದವೇನಲ್ಲ, ಬಹಳ ಜನ ಎರಡು ನಿಮಿಷ ನಿಂತು ಮುಂದೆ ಹೋಗುತ್ತಾರೆ.

ಈ ಮನೆಯವರು ಸುಮಾರು 300 ವರ್ಷ, 12 ತಲೆಮಾರು ಸಿರಿವಂತರಾಗಿದ್ದರು. ತಲೆಮಾರಿನಿಂದ ತಲೆಮಾರಿಗೆ ಕೆಲವು ಕಟ್ಟಳೆ ಹಾಕಿಕೊಂಡಿದ್ದರು. ವರ್ಷಕ್ಕೆ 10,000 ಸೊಕ್‌ಗಿಂತ ಹೆಚ್ಚು ಅಕ್ಕಿ ಕೂಡಿಸಬಾರದು. ಒಂದು ಸೊಕ್ ಅಂದರೆ ನಮ್ಮ ಸುಮಾರು ಒಂದೂವರೆ ಕ್ವಿಂಟಲ್. ಬಂದ ಅತಿಥಿಯನ್ನು ಬರಿಗೈಲಿ ಕಳಿಸಬಾರದು. ಸುತ್ತ 100 ಲಿ, ಅಂದರೆ 40 ಕಿಲೋಮೀಟರ್ ಒಳಗೆ ಯಾರೂ ಹಸಿದು ಸಾಯಬಾರದು. ಮನೆಗೆ ಬಂದ ಸೊಸೆ ಮೊದಲ ಮೂರು ವರ್ಷ ಹತ್ತಿ ಬಟ್ಟೆಯನ್ನೇ ಉಡಬೇಕು. (ಗಂಡುಮಕ್ಕಳಿಗೆ ಯಾಕೆ ಈ ನೇಮ ಇಲ್ಲ ಎಂದು ನಮ್ಮ ಓದುಗ ಅಕ್ಕಂದಿರು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.)

ಇನ್ನೊಂದು ಕಟ್ಟಳೆಗಾಗಿಯೇ ಈ ಲೇಖನ ಬರೆಯುತ್ತಿದ್ದೇನೆ: ಬರಗಾಲದಲ್ಲಿ ಜಮೀನು ಕೊಳ್ಳಬಾರದು.

ಮಳೆ ಹೋದ ವರ್ಷ ಜಮೀನು ಯಾವ ರೇಟಿಗೆ ಹೋಗುತ್ತದೆ, ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆಗಿಲ್ಲದವನು ಮಾರುವ ಹೊಲ ಅಗ್ಗಕ್ಕೆ ಸಿಗುತ್ತದೆ. ಆ ಅಗ್ಗ ನಮಗೆ ಬೇಡ ಎಂದು ಒಬ್ಬ ಜಮೀನ್ದಾರ ತನ್ನ ಮಕ್ಕಳಿಗೆ ಹೇಳಿಟ್ಟು ಹೋದ. 10,000 ಸೊಕ್‌ನ ಮಿತಿಯೂ ಬರೀ ದೊಡ್ಡಸ್ತಿಕೆಯದಲ್ಲ. ಮಿತಿ ಇದ್ದ ಮೇಲೆ ಜಮೀನು ಹೆಚ್ಚಿದಷ್ಟೂ ಎಕರೆ ಲೆಕ್ಕದ ಗೇಣಿ ಇಳಿಸಲೇಬೇಕಾಗುತ್ತದೆ. ಲೆಕ್ಕ ಹಾಕಿ ನೋಡಿ.

ಕೊನೆಯ ಸಿರಿವಂತ ಚ್ವೆ ಜುನ್, ಜಪಾನಿಯರ ಆಳ್ವಿಕೆಯಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಗುಟ್ಟಾಗಿ ಹಣ ಕಳಿಸಿದರು. ಬಿಡುಗಡೆಯ ಮೇಲೆ ಆಸ್ತಿಯನ್ನು ಕಾಲೇಜು ಕಟ್ಟಲು ಕೊಟ್ಟರು. ಇವತ್ತಿನ ಯೊಂಗ್ನಾಮ್ ವಿಶ್ವವಿದ್ಯಾಲಯದ ಒಂದು ಬೇರು ಅದು.

"ಎಷ್ಟು ಹೊಗಳಿದರೂ ಜಮೀನ್ದಾರ ಜಮೀನ್ದಾರನೇ ಅಲ್ಲವಾ?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಕೊರಿಯಾದ ಗೇಣಿದಾರರಿಗೆ ಹೊಲ ಸಿಕ್ಕಿದ್ದು ಒಳ್ಳೇ ಧಣಿಗಳಿಂದಲ್ಲ. 1950ರಲ್ಲಿ ಜಾರಿಗೆ ಬಂದ, ಒಂದು ಮನೆಗೆ ಮೂರು ಹೆಕ್ಟೇರ್ ಮಿತಿ ಹಾಕಿದ ಭೂಸುಧಾರಣೆಯಿಂದ. ಆದರೂ ಆ ಕಣಜದ ಮುಂದೆ ನಿಂತರೆ ಒಂದು ಅಳತೆಗೋಲು ಸಿಗುತ್ತದೆ. ಗ್ಯೊಂಗ್ಜು ಪಕ್ಕದ ಊರು ಪೊಹಾಂಗ್. ಅಲ್ಲಿಯ ಉಕ್ಕಿನ ಕಂಪನಿ ಪೋಸ್ಕೊ ಹೆಸರು ಗದಗ ಕಡೆಯವರಿಗೆ ಗೊತ್ತಿರುತ್ತದೆ. 2011ರಲ್ಲಿ ಹಳ್ಳಿಗುಡಿಯ ಹೊಲಗಳು ಕಾರ್ಖಾನೆಗೆ ಬೇಕು ಎಂದಾಗ ರೈತರು ಎದ್ದು ನಿಂತರು, ತೋಂಟದಾರ್ಯ ಮಠದ ಸ್ವಾಮೀಜಿ ಅವರ ಜೊತೆ ನಿಂತರು, ಕೊನೆಗೆ ಯೋಜನೆ ಬಿಟ್ಟುಹೋಯಿತು. ಒಂದೇ ಸೀಮೆಯಲ್ಲಿ ಜಮೀನಿನ ಬಗ್ಗೆ ಎರಡು ಬಗೆಯ ಯೋಚನೆ.

ಮಧ್ಯಾಹ್ನಕ್ಕೆ ಯಾಂಗ್ದೊಂಗ್ ಹಳ್ಳಿಗೆ ಹೋಗಿ. 2010ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಗುಡ್ಡದ ಮೇಲೆ ಒಡೆಯರ ಹೆಂಚಿನ ಮನೆ, ಕೆಳಗೆ ಆಳುಗಳು ಇದ್ದ ಹುಲ್ಲಿನ ಮನೆ. ಊರು ಕಟ್ಟಿದ ರೀತಿಯಲ್ಲೇ ಯಾರು ಮೇಲು, ಯಾರು ಕೆಳಗು ಗೊತ್ತಾಗುತ್ತದೆ. ನಮ್ಮವರಿಗೆ ಗೈಡ್ ಬೇಡ. ಒಂದು ಮಾತು, ಅಲ್ಲಿ ಇವತ್ತೂ ಜನ ಸಂಸಾರ ಮಾಡಿಕೊಂಡಿದ್ದಾರೆ. ತೆರೆದ ಬಾಗಿಲು ಕಂಡಕೂಡಲೇ ಒಳಗೆ ಇಣುಕಿ, ಒಣಹಾಕಿದ ಬಟ್ಟೆಯ ಫೋಟೊ ತೆಗೆಯಬೇಡಿ. ನಮ್ಮ ಅಡುಗೆಮನೆಗೆ ಹಾಗೆ ಯಾರಾದರೂ ಬಂದರೆ ಸುಮ್ಮನಿರುತ್ತೇವೆಯೇ?

ಬುಲ್ಗುಕ್ಸಾ ದೇವಾಲಯ ಬಿಡಲು ಮನಸ್ಸಾಗದಿದ್ದರೆ ಯಾಂಗ್ದೊಂಗ್ ಬಿಡಿ. ಒಂದು ಊರ ಉತ್ತರಕ್ಕೆ, ಇನ್ನೊಂದು ಆಗ್ನೇಯಕ್ಕೆ. ಎರಡೂ ಒಂದೇ ಮಧ್ಯಾಹ್ನಕ್ಕೆ ಆಗದ ಮಾತು. ಬುಲ್ಗುಕ್ಸಾಕ್ಕೆ 2023ರಿಂದ ಟಿಕೆಟ್ ಇಲ್ಲ.

ಊಟಕ್ಕೆ ಸ್ಸಾಂಬಾಪ್ ಕೇಳಿ: ಅನ್ನ, ಪಲ್ಯಗಳನ್ನು ಹಸಿ ಎಲೆಯಲ್ಲಿ ಸುತ್ತಿ ತಿನ್ನುವುದು. ಶುದ್ಧ ಸಸ್ಯಾಹಾರಿಗಳು ಕಿಮ್ಚಿ ಮುಟ್ಟುವ ಮೊದಲು ವಿಚಾರಿಸಿ, ಸಾಮಾನ್ಯವಾಗಿ ಮೀನಿನ ಸಾರ ಬೆರೆಸಿರುತ್ತಾರೆ. ಕೆಂಪು ಕಾಳಿನ ಹೂರಣ ತುಂಬಿದ ಹ್ವಾಂಗ್ನಾಮ್ ಬ್ರೆಡ್ ನಮ್ಮ ಹೋಳಿಗೆಗೆ ದೂರದ ನೆಂಟ. ಒಂದು ಡಬ್ಬಿ ಕಟ್ಟಿಸಿಕೊಳ್ಳಿ. ಭಾನುವಾರ ಸಂಜೆ ಸೋಲ್ ಕಡೆಯ ರೈಲಿಗೆ ನೂಕುನುಗ್ಗಲು, ಹೊರಡುವ ಮೊದಲೇ ವಾಪಸ್ ಟಿಕೆಟ್ಟನ್ನೂ ತೆಗೆದಿಡಿ.